ಗೋವಾ ಬೀಚ್ ಶ್ಯಾಕ್‌ಗಳು: ಅನುಮತಿ ಕೊಡಲು ಹಲವರು, ತೆರವು ನೋಡಿಕೊಳ್ಳಲು ಯಾರು?

ಗೋವಾ ಟ್ರಿಪ್ ಎಂದರೆ ಹಲವರ ಕಣ್ಣ ಮುಂದೆ ಮೊದಲು ಬರುವುದು ಬೀಚ್‌ನ ಶ್ಯಾಕ್. ಬಿದಿರಿನ ಕಂಬ, ಗರಿಯ ಮಾಡು, ಮರಳಿನ ಮೇಲೆ ಹಾಕಿದ ಮೇಜು-ಕುರ್ಚಿ, ಬಿಸಿ ಬಿಸಿ ಮೀನು. ಕಾನೂನಿನ ಪ್ರಕಾರ ಇದು ಹೋಟೆಲ್ ಅಲ್ಲ, 'ತಾತ್ಕಾಲಿಕ ರಚನೆ'. ಕಟ್ಟಡಗಳಿಗೆ ಅವಕಾಶವೇ ಇಲ್ಲದ ಜಾಗದಲ್ಲಿ ಇಡೀ ವಹಿವಾಟು ನಿಂತಿರುವುದು ಈ ಒಂದು ಪದದ ಮೇಲೆ. ಆದರೆ ತಾತ್ಕಾಲಿಕ ಎಂದು ಶುರುವಾದದ್ದು ತಾತ್ಕಾಲಿಕವಾಗಿಯೇ ಮುಗಿಯಿತೇ ಎಂದು ನೋಡುವ ಹೊಣೆ ಯಾರದು ಎಂಬ ಪ್ರಶ್ನೆಗೆ ಇನ್ನೂ ನೇರ ಉತ್ತರ ಸಿಕ್ಕಿಲ್ಲ.

ನಿಯಮ ಏನು ಹೇಳುತ್ತದೆ?

2011ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆಯಲ್ಲಿ ಗೋವಾಕ್ಕೆಂದೇ ವಿಶೇಷ ಭಾಗವಿದೆ. ಸೆಪ್ಟೆಂಬರ್‌ನಿಂದ ಮೇವರೆಗೆ ವಾಡಿಕೆಯಂತೆ ಹಾಕುವ ಹಂಗಾಮಿ ರಚನೆಗಳ ಪ್ರಸ್ತಾಪ ಅಲ್ಲಿದೆ. ಮಳೆಗಾಲಕ್ಕೆ ಮುನ್ನ ಬಿಚ್ಚಿ ತೆಗೆಯಬೇಕು ಎಂಬುದಕ್ಕೆ ಕಾರಣ ಸರಳ. ಮುಂಗಾರಿನ ಅಲೆಗಳು ಮರಳನ್ನು ಎಳೆದೊಯ್ಯುತ್ತವೆ, ಮಳೆಗಾಲ ಕಳೆದ ಮೇಲೆ ಸಮುದ್ರ ಅದನ್ನು ಮರಳಿ ತಂದು ಹಾಕುತ್ತದೆ. ಕಾಂಕ್ರೀಟ್ ತಳಪಾಯ ಬಿದ್ದ ಕಡೆ ಈ ಸಹಜ ಚಕ್ರಕ್ಕೆ ತಡೆ ಬೀಳುತ್ತದೆ.

ಇದೇ ಅಧಿಸೂಚನೆ ಮಾಂದ್ರೆ, ಮೊರ್ಜಿ, ಗಾಲ್ಜಿಬಾಗ್ ಮತ್ತು ಅಗೊಂಡ ಬೀಚ್‌ಗಳನ್ನು ಆಮೆಗಳು ಮೊಟ್ಟೆ ಇಡುವ ತಾಣಗಳೆಂದು ಹೆಸರಿಸಿದೆ. ಆಲಿವ್ ರಿಡ್ಲಿ ಆಮೆಗಳು ದಡಕ್ಕೆ ಬರುವುದು ಹೆಚ್ಚಾಗಿ ಚಳಿಗಾಲದಲ್ಲಿ. ಪ್ರವಾಸಿಗರ ಸೀಸನ್ ಕೂಡ ಅದೇ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕನ್ನು ಅನುಸರಿಸಿ ಸಮುದ್ರ ಸೇರುತ್ತವೆ. ದಡದಲ್ಲಿ ಜಗಮಗಿಸುವ ದೀಪಗಳಿದ್ದರೆ ಅವು ದಾರಿ ತಪ್ಪುತ್ತವೆ. ಹೀಗಾಗಿ ಶ್ಯಾಕ್ ಎಲ್ಲಿ, ಎಷ್ಟು ದೊಡ್ಡದು, ಎಷ್ಟು ಹೊತ್ತಿನವರೆಗೆ ಎಂಬುದು ಬರೀ ಕಾಗದದ ವಿವರವಲ್ಲ.

ಕೈಗಳು ಹಲವು

ಬೀಚ್ ಸರ್ಕಾರಿ ಜಾಗ. ಅಲ್ಲಿ ಯಾರಿಗೆ ಶ್ಯಾಕ್ ಎಂದು ತೀರ್ಮಾನಿಸುವುದು ರಾಜ್ಯ ಪ್ರವಾಸೋದ್ಯಮ ಇಲಾಖೆ. ಸಿಆರ್‌ಝಡ್ ಒಪ್ಪಿಗೆ ಗೋವಾ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ್ದು. ತ್ಯಾಜ್ಯ ನೀರಿನ ವಿಷಯ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಮದ್ಯ ಅಬಕಾರಿ ಇಲಾಖೆಗೆ, ಊಟ-ತಿಂಡಿಯ ಗುಣಮಟ್ಟ ಆಹಾರ ಸುರಕ್ಷತಾ ಇಲಾಖೆಗೆ. ಪಕ್ಕದ ಖಾಸಗಿ ಜಾಗವಾದರೆ ಪಂಚಾಯತ್ ಪರವಾನಗಿಯೂ ಬೇಕು. ಸ್ಥಳೀಯರ ಜೀವನೋಪಾಯಕ್ಕೆಂದು ಕೊಡುವ ಈ ಲೈಸೆನ್ಸ್‌ಗಳನ್ನು ಒಳಬಾಡಿಗೆಗೆ ಕೊಡುವಂತಿಲ್ಲ. ಆದರೂ ಒಳಬಾಡಿಗೆಯ ದೂರು ಪದೇ ಪದೇ ಕೇಳಿಬರುತ್ತದೆ.

ಇಷ್ಟು ಕೈಗಳಿದ್ದೂ ಜೂನ್ ಒಂದರಂದು ಬೀಚ್‌ಗೆ ಹೋಗಿ ಯಾವ ಶ್ಯಾಕ್ ತೆರವಾಗಿದೆ, ಯಾವುದು ಉಳಿದಿದೆ ಎಂದು ಲೆಕ್ಕ ಹಾಕುವ ಕೆಲಸ ಯಾರೊಬ್ಬರ ತಲೆಗೂ ಅಂಟಿಕೊಳ್ಳುವುದಿಲ್ಲ. ಕಸ ಎತ್ತಬೇಕಾದದ್ದು ಪಂಚಾಯತ್, ಜನರ ಬೈಗುಳ ಕೇಳುವುದೂ ಅದೇ. ಶ್ಯಾಕ್ ಹಂಚಿಕೆಯಲ್ಲಿ ಮಾತ್ರ ಅದರ ಮಾತು ನಡೆಯುವುದಿಲ್ಲ. ಕೊನೆಗೆ ನ್ಯಾಯಾಲಯವೇ ಬರಬೇಕಾಗುತ್ತದೆ. ಅಂಜುನಾದಲ್ಲಿ ಅನುಮತಿ ಇಲ್ಲದ ವಾಣಿಜ್ಯ ಮಳಿಗೆಗಳಿಗೆ ಬೀಗ ಬಿದ್ದದ್ದು ಬಾಂಬೆ ಹೈಕೋರ್ಟ್‌ನ ಗೋವಾ ಪೀಠದ ಮಧ್ಯಪ್ರವೇಶದ ನಂತರ.

ಹಾಗೆಂದು ಪಂಚಾಯತ್‌ಗೆ ಎಲ್ಲವನ್ನೂ ಒಪ್ಪಿಸಿದರೆ ಸರಿಹೋಗುತ್ತದೆ ಎಂದೂ ಅಲ್ಲ. 2025ರ ಡಿಸೆಂಬರ್‌ನಲ್ಲಿ ಅರ್ಪೋರಾದ ನೈಟ್‌ಕ್ಲಬ್‌ನಲ್ಲಿ ಬೆಂಕಿ ಬಿದ್ದು 25 ಮಂದಿ ಸತ್ತರು. ಅದು ಬೀಚ್ ಶ್ಯಾಕ್ ಆಗಿರಲಿಲ್ಲ. ಆದರೆ ಅನುಮತಿ ವ್ಯವಸ್ಥೆಯ ಬಿರುಕು ಅಲ್ಲೂ ಕಂಡಿತು. ಪರವಾನಗಿ ಕೊಟ್ಟದ್ದು ಪಂಚಾಯತ್, ಆಮೇಲೆ ತೆರವಿಗೆ ಆದೇಶಿಸಿದ್ದೂ ಪಂಚಾಯತ್. ಆ ಆದೇಶಕ್ಕೆ ಮೇಲಿನ ಹಂತದಲ್ಲಿ ತಡೆ ಸಿಕ್ಕಿತು, ಕ್ಲಬ್ ನಡೆಯುತ್ತಲೇ ಇತ್ತು.

ಕರ್ನಾಟಕಕ್ಕೆ ಏಕೆ ಮುಖ್ಯ?

ಇದು ಗೋವಾದ ತಲೆನೋವು ಮಾತ್ರ ಅಲ್ಲ. 2019ರ ಸಿಆರ್‌ಝಡ್ ಅಧಿಸೂಚನೆ ಗ್ರಾಮೀಣ ಕರಾವಳಿಯ ಬೀಚ್‌ಗಳಲ್ಲೂ ಶ್ಯಾಕ್, ಶೌಚಾಲಯ, ಬಟ್ಟೆ ಬದಲಿಸುವ ಕೋಣೆಯಂಥ ತಾತ್ಕಾಲಿಕ ಸೌಲಭ್ಯಗಳಿಗೆ ಬಾಗಿಲು ತೆರೆದಿದೆ. ಉಬ್ಬರದ ಗರಿಷ್ಠ ರೇಖೆಯಿಂದ ಕನಿಷ್ಠ 10 ಮೀಟರ್ ದೂರವಿರಬೇಕು ಮತ್ತು ಅನುಮೋದಿತ ಕರಾವಳಿ ಯೋಜನೆಯ ಪ್ರವಾಸೋದ್ಯಮ ಭಾಗದಲ್ಲಿ ಅದು ಸೇರಿರಬೇಕು ಎಂಬುದು ಷರತ್ತು. ಕಾಸರಕೋಡು ಮತ್ತು ಪಡುಬಿದ್ರಿ ಬೀಚ್‌ಗಳು 2020ರಲ್ಲೇ ಬ್ಲೂ ಫ್ಲ್ಯಾಗ್ ಪಡೆದಿವೆ, ಗೋಕರ್ಣದಲ್ಲಿ ವಾರಾಂತ್ಯದ ದಟ್ಟಣೆ ಗೊತ್ತಿರುವುದೇ. 'ಗೋವಾ ಮಾದರಿ' ಎಂಬ ಮಾತು ನಮ್ಮ ಕರಾವಳಿಯಲ್ಲೂ ಆಗಾಗ ಕೇಳುತ್ತದೆ. ಆ ಮಾದರಿಯಲ್ಲಿ ಏನನ್ನು ತರಬೇಕು, ಏನನ್ನು ಬಿಡಬೇಕು ಎಂದು ಮೊದಲೇ ಯೋಚಿಸುವುದು ಒಳ್ಳೆಯದು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಪ್ರತಿ ಶ್ಯಾಕ್‌ನ ಜಾಗ, ಅಳತೆ, ಲೈಸೆನ್ಸ್‌ದಾರ ಮತ್ತು ಮುಗಿಯುವ ದಿನಾಂಕ ಸ್ಥಳೀಯ ಪಂಚಾಯತ್‌ನ ಫಲಕದಲ್ಲಿ ಎಲ್ಲರಿಗೂ ಕಾಣಬೇಕು. ಹಂಚಿಕೆಗೆ ಮುನ್ನ ಗ್ರಾಮಸಭೆಯ ಅಭಿಪ್ರಾಯ ಪಡೆಯಬೇಕು. ಶುಲ್ಕದಲ್ಲಿ ಕಸ ವಿಲೇವಾರಿಗೆ ಪಾಲು ಸಿಗಬೇಕು. ಮಳೆಗಾಲದ ಮೊದಲ ವಾರ ಪಂಚಾಯತ್ ಮತ್ತು ಇಲಾಖೆ ಜೊತೆಯಾಗಿ ಸ್ಥಳ ತನಿಖೆ ಮಾಡಿ ವರದಿ ಪ್ರಕಟಿಸಬೇಕು. ತೆರವು ಆದೇಶದ ಮೇಲಿನ ಮೇಲ್ಮನವಿ ಇಂತಿಷ್ಟು ದಿನದೊಳಗೆ ಇತ್ಯರ್ಥವಾಗಬೇಕು.

ನಿಯಮ ಪಾಲಿಸುವ ಶ್ಯಾಕ್ ಮಾಲೀಕರಿಗೂ ಇದರಿಂದಲೇ ರಕ್ಷಣೆ. ಮೇ ಕೊನೆಗೆ ತನ್ನ ಬಿದಿರು, ಗರಿ ಬಿಚ್ಚಿ ಕೂಲಿ ಕೊಟ್ಟು ಸಾಗಿಸುವವನು ನಷ್ಟದಲ್ಲಿ, ಸಿಮೆಂಟ್ ಹಾಕಿ ಅಲ್ಲೇ ಕುಳಿತವನು ಲಾಭದಲ್ಲಿ ಎಂದಾದರೆ ಮುಂದಿನ ವರ್ಷ ಬಿಚ್ಚುವವರು ಯಾರೂ ಇರುವುದಿಲ್ಲ.