ಟಂಕಸಾಲೆಯ ತಪ್ಪೋ, ಕಾಲದ ಪೆಟ್ಟೋ?

ಹುನಗುಂದದ ಕಡೆಯ ವಿದ್ಯಾರ್ಥಿಯೊಬ್ಬನು ಒಂದು ದಿನ ನಮ್ಮ ಪ್ರಯೋಗಶಾಲೆಗೆ ಬಟ್ಟೆಯ ಚಿಕ್ಕ ಚೀಲವೊಂದನ್ನು ತಂದು, ಅದರೊಳಗಿನ ಐದು ಬೆಳ್ಳಿಯ ರೂಪಾಯಿಗಳನ್ನು ಮೇಜಿನ ಮೇಲೆ ಸುರಿದನು. ನಾಲ್ಕನ್ನು ಪಕ್ಕಕ್ಕೆ ಸರಿಸಿ, ವಿಕ್ಟೋರಿಯಾ ರಾಣಿಯ ಮುಖವುಳ್ಳ 1862ರ ನಾಣ್ಯವೊಂದನ್ನು ಮಾತ್ರ ಮುಂದಿಟ್ಟನು. ಅದರ ಅಂಚಿನಲ್ಲಿ ಒಂದು ಕಚ್ಚು ಇದ್ದಿತು. ಇದು ಟಂಕಸಾಲೆಯಲ್ಲಿಯೇ ಆದ ತಪ್ಪು, ಆದಕಾರಣ ಇದಕ್ಕೆ ಲಕ್ಷಗಟ್ಟಲೆ ಬೆಲೆಯುಂಟು ಎಂದು ಯಾರೋ ದೂರವಾಣಿಯಲ್ಲಿ ಅವರ ಮನೆಯವರಿಗೆ ತಿಳಿಸಿ, ಮಾರಾಟಕ್ಕೆ ಮೊದಲು ಶುಲ್ಕವೆಂದು ಕೆಲವು ಸಾವಿರ ರೂಪಾಯಿಗಳನ್ನು ಕೇಳಿದ್ದರಂತೆ. ಇಂಥ ಕೊಳ್ಳುವಿಕೆ ಮಾರುವಿಕೆಗಳಿಗೆ ತನ್ನ ಹೆಸರನ್ನು ಬಳಸಿ ಶುಲ್ಕ ಕೇಳುವವರ ವಿಷಯದಲ್ಲಿ ಎಚ್ಚರವಿರಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಜನರಿಗೆ ಪ್ರಕಟಣೆಯ ಮೂಲಕ ತಿಳಿಸಿದೆ. ಅದನ್ನು ಹೇಳಿ ಹುಡುಗನನ್ನು ಕಳುಹಿಸಿಬಿಡಬಹುದಾಗಿತ್ತು. ಆದರೆ ಅವನ ಪ್ರಶ್ನೆ ಉಳಿದೇ ಇತ್ತು: ಈ ಕಚ್ಚು ಎಲ್ಲಿ ಆದದ್ದು?

ಹಳೆಯ ನಾಣ್ಯದ ಬಗೆಗೆ ಜನರು ಎರಡು ಪ್ರಶ್ನೆಗಳನ್ನು ಒಂದೇ ಎಂದು ಭಾವಿಸುತ್ತಾರೆ. ನಾಣ್ಯದ ದರ್ಜೆ ಯಾವುದು ಎಂಬುದು ಒಂದು. ಅದರಲ್ಲಿ ಕಾಣುವ ದೋಷ ಹೇಗೆ ಉಂಟಾಯಿತು ಎಂಬುದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ಅಭಿಪ್ರಾಯದ ಮಾತು. ಎರಡನೆಯದು ಕಾರ್ಯಕಾರಣದ ಮಾತು. ಭೌತವಿಜ್ಞಾನವನ್ನು ಓದುವ ಹುಡುಗನು ಭೂತಗನ್ನಡಿ, ತಕ್ಕಡಿಗಳಿಂದ ಅದನ್ನು ಪರೀಕ್ಷಿಸಬಲ್ಲನು.

ಇಂದು ಎಲ್ಲೆಡೆಯೂ ಬಳಕೆಯಲ್ಲಿರುವ 1ರಿಂದ 70ರವರೆಗಿನ ದರ್ಜೆಯ ಅಂಕಗಳನ್ನೇ ನೋಡಿರಿ. ಅದನ್ನು 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಎಂಬ ಮನೋವಿಜ್ಞಾನಿಯು ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ ಏರ್ಪಡಿಸಿದನು. 70ರ ನಾಣ್ಯವು 1ರ ನಾಣ್ಯದ ಎಪ್ಪತ್ತು ಪಟ್ಟು ಬೆಲೆ ಬಾಳಬೇಕೆಂಬುದು ಅವನ ಎಣಿಕೆ. ಎಂದರೆ ಆ ಅಂಕಗಳು ಹುಟ್ಟಿದ್ದೇ ಪೇಟೆಯಲ್ಲಿ! ಉಷ್ಣಮಾಪಕದ ಗೆರೆಯಂತೆ ಅದನ್ನು ನಂಬುವುದು ಸರಿಯಲ್ಲ. ಸವೆತ ಮಾತ್ರ ಅಳೆಯತಕ್ಕ ವಸ್ತು. 1835ರ ಕಾಯಿದೆಯಿಂದ ಕಂಪನಿಯ ರೂಪಾಯಿಯ ತೂಕ 180 ಗ್ರೇನ್, ಎಂದರೆ ಸರಿಯಾಗಿ ಒಂದು ತೊಲೆ, ನಮ್ಮ ಈಗಿನ ಲೆಕ್ಕದಲ್ಲಿ 11.66 ಗ್ರಾಂ ಎಂದು ಗೊತ್ತಾಯಿತು. ಅದರ ಹನ್ನೆರಡು ಭಾಗಗಳಲ್ಲಿ ಹನ್ನೊಂದು ಬೆಳ್ಳಿ. ನೂರಕ್ಕೆ ಎರಡರಷ್ಟಕ್ಕಿಂತ ಹೆಚ್ಚು ಸವೆದ ರೂಪಾಯಿಯು ಕಾನೂನಿನಂತೆ ಚಲಾವಣೆಗೆ ಅರ್ಹವಾಗುತ್ತಿರಲಿಲ್ಲ.

ದೋಷದ ಮಾತಿಗೆ ಬರೋಣ. ಇಳಕಲ್ಲಿನ ನೇಕಾರನ ಮುಂದೆ ಸೀರೆಯೊಂದನ್ನು ಹಿಡಿದು ನೋಡಿರಿ. ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸಿದಲ್ಲಿ ಎಳೆಯೊಂದು ತಪ್ಪಿದ್ದರೆ, ಅದು ಮಗ್ಗದ ಮೇಲೆಯೇ ಆದ ತಪ್ಪೆಂದು ಅವನು ಬೆರಳಾಡಿಸಿಯೇ ಹೇಳುವನು. ಮೊಳೆಗೆ ಸಿಕ್ಕಿ ಹರಿದಿದ್ದರೆ ಅದನ್ನೂ ಹೇಳುವನು. ಏಕೆಂದರೆ ಮಗ್ಗದ ತಪ್ಪಿನಲ್ಲಿ ಅಕ್ಕಪಕ್ಕದ ಎಳೆಗಳು ಆ ತಪ್ಪಿಗೆ ಹೊಂದಿಕೊಂಡೇ ಬೆಳೆದಿರುತ್ತವೆ. ಹರಿದಲ್ಲಿ ಅವು ತುಂಡಾಗಿರುತ್ತವೆ. ನಾಣ್ಯಕ್ಕೂ ಇದೇ ನ್ಯಾಯ. ಹೊಡೆತ ಬೀಳುವ ಕ್ಷಣದಲ್ಲಿ ಲೋಹವು ಒತ್ತಡಕ್ಕೆ ಸಿಕ್ಕಿ ಹರಿಯುತ್ತದೆ. ಟಂಕಸಾಲೆಯ ತಪ್ಪು ಆ ಹರಿವಿನಲ್ಲಿ ಭಾಗಿಯಾದದ್ದು. ಆಮೇಲಿನ ಪೆಟ್ಟು ಹರಿವು ನಿಂತ ಮೇಲೆ ಬಿದ್ದದ್ದು.

ಅಚ್ಚು ಬಿರುಕುಬಿಟ್ಟಿದ್ದರೆ ಲೋಹವು ಆ ಬಿರುಕಿನೊಳಗೆ ಏರುವುದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಚಾಕುವಿನಿಂದ ಗೀಚಿದರೆ ಗೆರೆ ತಗ್ಗಾಗಿ, ಎರಡು ಬದಿಗೂ ಲೋಹ ಮಗುಚಿ ನಿಲ್ಲುತ್ತದೆ. ಹೊಡೆದ ನಾಣ್ಯವೊಂದು ಅಚ್ಚಿಗೇ ಅಂಟಿಕೊಂಡು ಉಳಿದರೆ, ಮುಂದಿನ ಬಿಲ್ಲೆಗೆ ಆ ನಾಣ್ಯವೇ ಅಚ್ಚಾಗುತ್ತದೆ. ಆಗ ಒಂದು ಬದಿಯಲ್ಲಿ ರಾಣಿಯ ಮುಖ ಉಬ್ಬಿಯೂ ಮತ್ತೊಂದು ಬದಿಯಲ್ಲಿ ಅದೇ ಮುಖ ತಗ್ಗಾಗಿ ಕನ್ನಡಿಯ ಬಿಂಬದಂತೆ ತಿರುವುಮುರುವಾಗಿಯೂ ಕಾಣುವುದು. ಹುಡುಗನ ನಾಣ್ಯದಲ್ಲಿದ್ದಂಥ ಕಚ್ಚೂ ಟಂಕಸಾಲೆಯಲ್ಲಿ ಆಗುವುದುಂಟು. ಬೆಳ್ಳಿಯ ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸುವಾಗ ಪಟ್ಟಿ ಸಾಕಷ್ಟು ಸರಿಯದಿದ್ದರೆ ಹಿಂದಿನ ತೂತು ಮುಂದಿನ ಬಿಲ್ಲೆಯನ್ನು ಕಚ್ಚುತ್ತದೆ. ಅಂಥ ಬಿಲ್ಲೆಯನ್ನು ಹೊಡೆದಾಗ ಲೋಹ ಆ ಬಯಲಿನತ್ತ ಹರಿದು ಹತ್ತಿರದ ಅಕ್ಷರಗಳು ಎಳೆದಂತಾಗುತ್ತವೆ; ಸರಿ ಎದುರಿನ ಅಂಚೂ ಅನೇಕ ವೇಳೆ ಮಂಕಾಗಿರುತ್ತದೆ.

ತಪ್ಪೇ ಅಲ್ಲದ್ದನ್ನು ತಪ್ಪೆಂದು ಕರೆಯುವ ರೂಢಿಯೂ ಉಂಟು. 1862ರ ರೂಪಾಯಿಗಳನ್ನು ಅದೇ ಇಸವಿಯೊಡನೆ 1874ರವರೆಗೂ ಅಚ್ಚುಹಾಕಿದರು. ಮುಂಬಯಿಯ ನಾಣ್ಯಗಳಲ್ಲಿ ಕಾಣುವ ಸಣ್ಣ ಚುಕ್ಕೆಗಳು ವರ್ಷವನ್ನು ಗುರುತಿಸಲು ಬೇಕೆಂದೇ ಇಟ್ಟವೆಂದು ನಾಣ್ಯಶಾಸ್ತ್ರಜ್ಞರು ತಿಳಿಯುತ್ತಾರೆ. 1911ರ ಐದನೆಯ ಜಾರ್ಜನ ರೂಪಾಯಿಯಲ್ಲಿ ಅವನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಜನ ಗದ್ದಲವೆಬ್ಬಿಸಿದರು, 1912ರ ಅಚ್ಚಿನಲ್ಲಿ ಆನೆಯನ್ನು ತಿದ್ದಲಾಯಿತು. ಇದು ಚಿತ್ರ ಬರೆದವನ ಕೈಯ ಮಾತು; ಯಂತ್ರವು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ನಮಗೆ ಹೆಚ್ಚು ವ್ಯಥೆಯಾಗುವುದು ನಮ್ಮ ಊರಿನದೇ ನಾಣ್ಯದ ವಿಷಯದಲ್ಲಿ. ಬಾಗಲಕೋಟೆಯಲ್ಲಿ ಒಂದು ಟಂಕಸಾಲೆ ಇದ್ದಿತೆಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರು? ಪೇಶವೆಯರ ಕಾಲದಲ್ಲಿ ಬಾದಾಮಿಯ ಸೀಮೆಯನ್ನು ಆಳುತ್ತಿದ್ದ ರಾಸ್ತೆ ಮನೆತನದ ಮಲ್ಹಾರರಾಯನ ಹೆಸರಿನಿಂದ ಇಲ್ಲಿಯ ರೂಪಾಯಿಗೆ ಮಲ್ಹಾರಶಾಹಿ ಎಂದು ಹೆಸರು. 1818ರಲ್ಲಿ ಮನ್ರೋ ಬಾದಾಮಿಯ ಕೋಟೆಯನ್ನು ಹಿಡಿದು ಈ ಸೀಮೆ ಕಂಪನಿಗೆ ಸೇರಿದ ಮೇಲೂ ಕೆಲವು ಕಾಲ ಟಂಕಸಾಲೆ ನಡೆಯಿತು. ಈ ರೂಪಾಯಿಯನ್ನು ಕೈಯಿಂದ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಪಾರಸಿ ಬರಹವುಳ್ಳ ಅಚ್ಚು ಬಿಲ್ಲೆಗಿಂತ ಅಗಲವಾದುದರಿಂದ ಒಂದೊಂದು ನಾಣ್ಯಕ್ಕೂ ಬರಹದ ಒಂದೊಂದು ತುಣುಕಷ್ಟೇ ದಕ್ಕುತ್ತಿತ್ತು. ಹೀಗಿರಲು ಬರಹ ಅಂಚಿನಾಚೆಗೆ ಜಾರಿದೆ ಎಂಬ ಕಾರಣಕ್ಕೆ ಅದನ್ನು ತಪ್ಪುನಾಣ್ಯವೆಂದು ಮೆರೆಸುವುದೂ ತಪ್ಪು, ಕೀಳು ದರ್ಜೆಯದೆಂದು ಪತ್ತಾರನ ಮೂಸೆಗೆ ಹಾಕುವುದೂ ತಪ್ಪು. 1835ರ ಯಂತ್ರದ ರೂಪಾಯಿಯಲ್ಲಿ ಅಪರೂಪದ ದೋಷವೆನಿಸುವುದು ಸುತ್ತಿಗೆಯ ರೂಪಾಯಿಯಲ್ಲಿ ನಿತ್ಯದ ರೀತಿ. ಒಂದೇ ಅಚ್ಚಿನ ಹತ್ತಾರು ನಾಣ್ಯಗಳ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಹೊಂದಿಸಿದರೆ ಅಚ್ಚಿನ ಪೂರ್ಣರೂಪವೇ ಕೈಗೆ ಬರುತ್ತದೆ. ಹಳೆಯ ಬಾಗಲಕೋಟೆಯ ಎಷ್ಟೋ ಭಾಗ ಆಲಮಟ್ಟಿಯ ಹಿನ್ನೀರಿನ ಪಾಲಾಗಿರುವಾಗ, ಆ ಟಂಕಸಾಲೆಯ ಕೆಲಸಕ್ಕೆ ಸಾಕ್ಷಿ ಹೇಳಬಲ್ಲವು ಈ ತುಣುಕುಗಳೇ. ಒಂದು ಕರಗಿದರೆ ಒಂದು ಸಾಕ್ಷಿ ಹೋಯಿತು.

ಬೆಳ್ಳಿಯೇ ಹೌದೋ ಅಲ್ಲವೋ ಎಂಬುದಕ್ಕೆ ಆರ್ಕಿಮಿಡೀಸನ ಉಪಾಯ ಇಂದಿಗೂ ಸಾಕು. ರೂಪಾಯಿಯ ಮಿಶ್ರಲೋಹದ ಸಾಂದ್ರತೆ ಸುಮಾರು 10.3. ಪೂರ್ಣ ತೂಕದ ನಾಣ್ಯವನ್ನು ದಾರದಿಂದ ಕಟ್ಟಿ ನೀರಿನಲ್ಲಿ ತೂಗಿದರೆ ಅದು 1.13 ಗ್ರಾಮಿನಷ್ಟು ಹಗುರಾಗಬೇಕು. 1940ರ ನಂತರದ ಅರ್ಧ ಬೆಳ್ಳಿಯ ರೂಪಾಯಿಯಾದರೆ ಸುಮಾರು 1.22 ಗ್ರಾಂ. ತಾಮ್ರ, ನಿಕಲ್, ಸತುಗಳ ಖೋಟಾ ನಾಣ್ಯ ಇನ್ನೂ ಹೆಚ್ಚು ಹಗುರಾಗುವುದು. ಅಂಟಿದ ಗಾಳಿಗುಳ್ಳೆಗಳನ್ನು ಮಾತ್ರ ಕುಂಚದಿಂದ ತೆಗೆಯಬೇಕು. ಇಲ್ಲವಾದರೆ ಒಳ್ಳೆಯ ರೂಪಾಯಿಯೂ ಖೋಟಾ ಆದೀತು.

ತೂಗುವ ಮೊದಲು ನಾಣ್ಯವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿರೆಂದು ಕೈಮುಗಿದು ಬೇಡುತ್ತೇವೆ. ಮೇಲಿನ ಕಪ್ಪು, ಬೆಳ್ಳಿಯು ಗಾಳಿಯಲ್ಲಿನ ಗಂಧಕದೊಡನೆ ಕೂಡಿ ಆದ ತೆಳು ಪದರ. ಅದನ್ನು ತಿಕ್ಕುವಾಗ ಅಚ್ಚಿನ ಸೂಕ್ಷ್ಮ ಗೆರೆಗಳೂ ಹೋಗುತ್ತವೆ. ಲಂಬಾಣಿ ಹೆಣ್ಣುಮಕ್ಕಳ ಸರಗಳಲ್ಲಿ ಕೊಂಡಿ ಬೆಸೆದ ರೂಪಾಯಿಗಳನ್ನೂ, ಸರಾಫರು ಬೆಳ್ಳಿಯ ಪರೀಕ್ಷೆಗಾಗಿ ಒತ್ತಿದ ಸಣ್ಣ ಮುದ್ರೆಗಳನ್ನೂ ದರ್ಜೆ ಹಚ್ಚುವವರು ಹಾನಿಯೆಂದೇ ಬರೆಯುತ್ತಾರೆ. ಬರೆಯಲಿ. ಆ ನಾಣ್ಯ ಯಾರ ಕೊರಳಲ್ಲಿತ್ತು, ಯಾರ ಅಂಗಡಿಯ ಮುಂದೆ ಸಂಶಯಕ್ಕೆ ಗುರಿಯಾಯಿತು ಎಂಬುದು ಅಲ್ಲಿಯೇ ಉಳಿದಿದೆ.

ಹುಡುಗನ ನಾಣ್ಯವನ್ನು ತೂಗಿದೆವು: 11.12 ಗ್ರಾಂ. ನೀರಿನಲ್ಲಿ 1.08 ಗ್ರಾಂ ಹಗುರಾಯಿತು, ಬೆಳ್ಳಿ ಸಾಚಾ. ತೂಕ ಕಡಿಮೆಯೆಂಬುದೊಂದರಿಂದ ಏನೂ ತೀರ್ಮಾನವಾಗದು, ಏಕೆಂದರೆ ಟಂಕಸಾಲೆಯಲ್ಲಿ ಕಚ್ಚಿದ ಬಿಲ್ಲೆಯೂ ಹಗುರವೇ. ಭೂತಗನ್ನಡಿಯನ್ನು ಅವನ ಕೈಗೇ ಕೊಟ್ಟೆವು. ಬಹಳ ಹೊತ್ತು ನೋಡಿದನು. ಕಚ್ಚಿನ ಬಳಿಯ ಅಕ್ಷರ ಎಳೆದಂತಿರಲಿಲ್ಲ, ನೆಟ್ಟಗೆ ತುಂಡಾಗಿತ್ತು. ಎದುರಿನ ಅಂಚು ತುಂಬಿಕೊಂಡಿತ್ತು. ಕಚ್ಚಿನ ಒಳಮೈಯಲ್ಲಿ ಅರದ ಗೀರುಗಳು ಸಾಲಾಗಿದ್ದವು. “ಯಾರೋ ಬೆಳ್ಳಿ ತಗೊಂಡಾರ್ರೀ ಸರ್” ಎಂದನು. ಆಮೇಲೆ ಪಕ್ಕಕ್ಕೆ ಸರಿಸಿದ್ದ ನಾಲ್ಕನ್ನು ಒಂದೊಂದಾಗಿ ಕನ್ನಡಿಯ ಕೆಳಗೆ ತಂದನು. ಮೂರನೆಯದು ದಪ್ಪಗೆ, ಓರೆಕೋರೆಯಾಗಿ, ಅರ್ಧ ಪಾರಸಿ ಬರಹದೊಡನೆ ಇದ್ದಿತು. ಮನೆಯಲ್ಲಿ ಅದನ್ನು ಕಾಲುಂಗುರಕ್ಕೆಂದು ತೆಗೆದಿಟ್ಟಿದ್ದರಂತೆ.

ಅದರ ಎರಡು ಬದಿಗಳ ಚಿತ್ರವನ್ನು ತೆಗೆದುಕೊಂಡು, ನಾಣ್ಯವನ್ನು ಅವನಿಗೆ ಹಿಂದಿರುಗಿಸಿದ್ದೇವೆ.