ಹಿಂದೆ ಬರುವವನಿಗೆ ಕಾಣಬೇಕಾದ ದೀಪ

ರಾಬರ್ಟ್‌ಸನ್‌ಪೇಟೆಯ ಗ್ಯಾರೇಜುಗಳಲ್ಲಿ ಹಳೇ ಬುಲೆಟ್ಟನ್ನೋ ಆರ್‌ಎಕ್ಸ್ 100 ಅನ್ನೋ ಬಿಚ್ಚಿ ಹೊಸ ರೂಪ ಕೊಡುವ ಹುಡುಗರ ಕೈಕೆಲಸವನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ. ಈ ಪೇಟೆಯಿರುವ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ ಪ್ರದೇಶ, ಮೊದಲಿನಿಂದಲೂ ಫಿಟ್ಟರುಗಳ, ವೆಲ್ಡರುಗಳ ಊರು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿದರೂ, 1964ರಲ್ಲಿ ಶುರುವಾದ ಬೆಮೆಲ್ ಕಂಪನಿಯ ಕಾರ್ಖಾನೆ ಇನ್ನೂ ಇದೆ. ಕಬ್ಬಿಣದ ಜೊತೆಗಿನ ಒಡನಾಟ ಈ ಊರಿನ ಮನೆಮನೆಯಲ್ಲೂ ಉಳಿದಿದೆ. ಇಲ್ಲಿನ ಕೆಎ 08 ನಂಬರಿನ ಮಾಡಿಫೈ ಮಾಡಿದ ಬೈಕಿನ ವೆಲ್ಡಿಂಗ್ ಮೇಲೆ ಬೆರಳಾಡಿಸಿದರೆ ಅದು ಗೊತ್ತಾಗುತ್ತದೆ.

ಇಷ್ಟು ಚೆಂದದ ಕೆಲಸದಲ್ಲಿ ನನಗೆ ನೋವಾಗುವುದು ಒಂದೇ ಕಡೆ, ಇಂಡಿಕೇಟರ್ ವಿಷಯದಲ್ಲಿ. ಹಿಂದಿನ ಮಡ್‌ಗಾರ್ಡ್ ಕತ್ತರಿಸಿದ ಮೇಲೆ ಅದಕ್ಕೆ ಜಾಗ ಇರುವುದಿಲ್ಲ. ಆಗ ಹೆಬ್ಬೆರಳಿನ ಉಗುರಿನಷ್ಟು ಗಾತ್ರದ ಎಲ್‌ಇಡಿ ಒಂದನ್ನು ಸೀಟಿನ ಕೆಳಗೆ, ನಂಬರ್ ಪ್ಲೇಟಿನ ಮಗ್ಗುಲಿಗೆ ಅಂಟಿಸುತ್ತಾರೆ. ಇಲ್ಲವೇ ಹ್ಯಾಂಡಲ್ ತುದಿಗೆ ಸಿಕ್ಕಿಸಿ ಹಿಂದಿನವನ್ನು ತೆಗೆದೇಬಿಡುತ್ತಾರೆ. ಹ್ಯಾಂಡಲ್ ತುದಿಯ ದೀಪ ಎದುರಿಗೆ ಬರುವವನಿಗೆ ಚೆನ್ನಾಗಿಯೇ ಕಾಣುತ್ತದೆ. ಹಿಂದೆ ಲಾರಿ ಓಡಿಸುತ್ತಿರುವವನಿಗೆ ಮಾತ್ರ ಸವಾರನ ಮೊಣಕೈ, ಹಿಂದೆ ಕೂತವರ ಸೀರೆ, ಬ್ಯಾಗು ಎಲ್ಲ ಅಡ್ಡ ಬರುತ್ತವೆ. ಬೆಂಗಳೂರಿನ ರೈಲು ಹಿಡಿಯಲು ಬೆಳಕು ಹರಿಯುವ ಮುಂಚೆ ಬಂಗಾರಪೇಟೆ ಸ್ಟೇಷನ್ನಿಗೆ ಧಾವಿಸುವ ಬೈಕುಗಳ ಸಾಲನ್ನೂ ಚಳಿಗಾಲದ ಮಂಜನ್ನೂ ನೆನೆಸಿಕೊಂಡರೆ, ಆ ದೀಪ ಯಾರಿಗೆ ಕಾಣಬೇಕು ಎಂಬುದನ್ನು ವಿವರಿಸಬೇಕಾಗಿಲ್ಲ.

ಜಾಗ ಬದಲಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕೆಲವೊಮ್ಮೆ ಬದಲಿಸದಿರುವುದೇ ತಪ್ಪು. ಬೂದಿಕೋಟೆ, ಕಾಮಸಮುದ್ರದ ಕಡೆ ಡೇರಿಗೆ ಹಾಲು ಹಾಕುವವರ ಬೈಕು ನೋಡಿ. ಎರಡೂ ಮಗ್ಗುಲಿಗೆ ಕ್ಯಾನು ನೇತುಹಾಕಿದರೆ ಕಂಪನಿಯವರು ಕೊಟ್ಟ ಇಂಡಿಕೇಟರ್ ಅದರ ಹಿಂದೆ ಮರೆಯಾಗುತ್ತದೆ. ಸವಾರ ಪಾಪ, ಸ್ವಿಚ್ ಒತ್ತಿಯೇ ತಿರುಗಿರುತ್ತಾನೆ. ಕ್ಯಾನು ನೇತುಹಾಕುವ ಕಬ್ಬಿಣದ ಫ್ರೇಮಿನ ಹಿಂತುದಿಗೇ ದೀಪ ಕೂರಿಸಿಕೊಡುವ ಮೆಕ್ಯಾನಿಕ್ ಅವನ ಜೀವ ಕಾಯುತ್ತಾನೆ. ಕಸ್ಟಮ್ ಬೈಕಿನವರಿಗೆ ಸಿಗುವ ಗಮನ, ಹೊಗಳಿಕೆ ಈ ಕೆಲಸಕ್ಕೂ ಸಿಗಬೇಕು.

ಎಲ್ಲಿ ಕೂರಿಸಬೇಕು ಎನ್ನುವುದಕ್ಕೆ ಅಳತೆ ಇದೆ. ದ್ವಿಚಕ್ರ ವಾಹನದ ದೀಪಗಳ ಬಗ್ಗೆ ವಿಶ್ವಸಂಸ್ಥೆಯ 53ನೇ ನಿಯಮಾವಳಿ ಹೇಳುವಂತೆ, ಮುಂದಿನ ಎರಡು ಇಂಡಿಕೇಟರ್‌ಗಳ ನಡುವೆ ಕನಿಷ್ಠ 240 ಮಿಲಿಮೀಟರ್, ಹಿಂದಿನವುಗಳ ನಡುವೆ 180 ಮಿಲಿಮೀಟರ್ ಅಂತರ ಇರಬೇಕು. ನೆಲದಿಂದ ಎತ್ತರ 350ಕ್ಕಿಂತ ಕಡಿಮೆಯಾಗಬಾರದು, 1200 ದಾಟಬಾರದು. ಹಿಂದಿನ ದೀಪ ಬೈಕಿನ ಹಿಂತುದಿಯಿಂದ 300 ಮಿಲಿಮೀಟರಿಗಿಂತ ಮುಂದಕ್ಕೆ ಹೋಗುವಂತಿಲ್ಲ. ಹ್ಯಾಂಡಲ್ ತುದಿಯದೊಂದೇ ಸಾಕು ಎನ್ನುವವರ ವಾದ ಇಲ್ಲಿಗೇ ಮುಗಿಯುತ್ತದೆ. ನಮ್ಮ ದೇಶದಲ್ಲಿ ಇದೇ ಕೆಲಸಕ್ಕೆ ಎಐಎಸ್ 009 ಎಂಬ ಮಾನದಂಡ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 102ನೆಯದು ಇಂಡಿಕೇಟರ್ ಬಗ್ಗೆಯೇ ಇದೆ. ಬಣ್ಣ ಅಂಬರ್ ಆಗಿರಬೇಕು. ಅಂಗಡಿಯಲ್ಲಿ ಸಿಗುವ ನೀಲಿ, ಬಿಳಿ, ಹಸಿರು ದೀಪಗಳನ್ನು ಅಲ್ಲೇ ಬಿಟ್ಟು ಬನ್ನಿ.

ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್ ಪಟಪಟನೆ ಹುಚ್ಚೆದ್ದಂತೆ ಮಿನುಗುವುದನ್ನೂ ನೋಡಿರುತ್ತೀರಿ. ಹಳೇ ಫ್ಲಾಷರ್ 10 ವ್ಯಾಟಿನ ಬಲ್ಬು ಎಳೆಯುವ ಕರೆಂಟಿಗೆ ಹೊಂದಿಸಿದ್ದು. ಎಲ್‌ಇಡಿ ಎಳೆಯುವುದು ಅದರ ಚೂರುಪಾರು. ಹಾಗಾಗಿ ಬಲ್ಬು ಸುಟ್ಟುಹೋಗಿದೆ ಎಂದು ತಿಳಿದು ಅದು ವೇಗ ಹೆಚ್ಚಿಸುತ್ತದೆ, ಕೆಲವು ಬೈಕುಗಳಲ್ಲಿ ಮಿನುಗುವುದನ್ನೇ ಬಿಡುತ್ತದೆ. ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕೆಂಬುದು ನಿಯಮ. ಎಲ್‌ಇಡಿಗೆಂದೇ ಬರುವ ಫ್ಲಾಷರ್ ಹಾಕಿದರೆ ಸರಿಹೋಗುತ್ತದೆ. ರೆಸಿಸ್ಟರ್ ಸೇರಿಸುವ ದಾರಿಯೂ ಇದೆ, ಆದರೆ ಅದು ಕಾದು ಕೆಂಡವಾಗುತ್ತದೆ. ವೈರಿನ ಕಟ್ಟಿಗೋ ಪ್ಲಾಸ್ಟಿಕ್ಕಿಗೋ ತಾಗುವಂತೆ ಇಡಬಾರದು. ಪೇಂಟ್ ಬಳಿದ ಬ್ರಾಕೆಟ್ಟಿಗೆ ದೀಪ ಕೂರಿಸಿದಾಗ ಅರ್ತಿಂಗ್ ಸಿಗದೆ ಮಂಕಾಗುವುದು ಇನ್ನೊಂದು ತೊಂದರೆ. ಅರ್ತಿಂಗಿಗೆ ಬೇರೆ ವೈರ್ ಎಳೆದುಬಿಡುವುದೇ ಒಳ್ಳೆಯದು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುವುದು, ವಾಹನದ ಮೂಲ ಲಕ್ಷಣವೇ ಬದಲಾಗುವಂಥ, ಆರ್‌ಸಿ ವಿವರಕ್ಕೆ ಹೊಂದದಂಥ ಮಾರ್ಪಾಟನ್ನು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರಕೂಡದೆಂದು ಗಟ್ಟಿಯಾಗಿ ಹೇಳಿತು. ಆರ್‌ಸಿಯಲ್ಲಿ ಇಂಡಿಕೇಟರ್ ಎಲ್ಲಿರಬೇಕೆಂದು ಬರೆದಿರುವುದಿಲ್ಲ. ಆದರೆ ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ, ಬಿಡಿಭಾಗ ಹಾಕುವುದೂ ಸೇರಿ, ಅನುಮತಿ ಇಲ್ಲದ ರೀತಿಯಲ್ಲಿ ವಾಹನ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಟಿಗೂ 5000 ರೂಪಾಯಿ ದಂಡ, ಇಲ್ಲವೇ ಎರಡೂ. ಈ ಎರಡು ಕಲಮುಗಳ ನಡುವೆ, ಅಳತೆ ತಪ್ಪದೆ ದೀಪ ಸರಿಸಿದ ಪ್ರಾಮಾಣಿಕ ಮೆಕ್ಯಾನಿಕ್ಕೂ ಹೆದರಿಕೊಂಡೇ ಬದುಕುತ್ತಾನೆ. ಹಿಂದಿನ ದೀಪವನ್ನೇ ಕಿತ್ತೆಸೆದವನು ಇದೇ ಗೊಂದಲದ ಮರೆಯಲ್ಲಿ ನುಸುಳಿಕೊಳ್ಳುತ್ತಾನೆ.

ಇದನ್ನು ಬಿಡಿಸಬೇಕಾದದ್ದು ಸಾರಿಗೆ ಇಲಾಖೆ. ದಂಡದ ರಸೀತಿ ಹರಿಯುವ ಮೊದಲು ಕೆಜಿಎಫ್, ಬಂಗಾರಪೇಟೆಯ ಮೆಕ್ಯಾನಿಕ್‌ಗಳನ್ನು ಒಂದು ದಿನ ಕರೆದು ಕೂರಿಸಲಿ. ಎತ್ತರ, ಅಂತರ, ಬಣ್ಣ, ಮಿನುಗುವ ವೇಗ, ಇಷ್ಟನ್ನು ಚಿತ್ರದ ಸಮೇತ ಕನ್ನಡದಲ್ಲೂ ತಮಿಳಿನಲ್ಲೂ ಅಚ್ಚು ಹಾಕಿಸಿ ಪ್ರತಿ ಗ್ಯಾರೇಜಿನ ಗೋಡೆಗೂ ಅಂಟಿಸಲಿ. ಯಾವ ಬದಲಾವಣೆಗೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂಬುದೂ ಅದೇ ಹಾಳೆಯಲ್ಲಿರಲಿ. ಗ್ಯಾರೇಜಿನವರೂ ಒಂದು ರೂಢಿ ಮಾಡಿಕೊಳ್ಳಲಿ: ಬೈಕು ಒಪ್ಪಿಸುವ ಮುಂಚೆ ನಡುಮಧ್ಯಾಹ್ನದ ಬಿಸಿಲಲ್ಲಿ, ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಇಂಡಿಕೇಟರ್ ಹಾಕಿ, ಮೂವತ್ತು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಲಿ. ಅಲ್ಲಿಂದ ಕಾಣದಿದ್ದರೆ ಬೈಕನ್ನು ಮತ್ತೆ ಒಳಗೆ ತಳ್ಳಿ, ಬ್ರಾಕೆಟ್ ಬಿಚ್ಚಬೇಕು.