ನೇತ್ರಾಣಿಗೆ ಹೋದ್ರೆ ತಲೆ ಎತ್ತಿಯೂ ನೋಡಿ

ಚನ್ನಗಿರಿಯವರಿಗೆ ದೊಡ್ಡ ನೀರು ಅಂದ್ರೆ ಸೂಳೆಕೆರೆ. ಹೊನ್ನಾಳಿ, ನ್ಯಾಮತಿ ಕಡೆಯವರಿಗೆ ತುಂಗಭದ್ರೆ. ಜಗಳೂರಿನವರ ಮಾತು ಬಿಡಿ, ಮೋಡ ಕಂಡ್ರೇ ಅವರಿಗೆ ಹಬ್ಬ. ಹೀಗಾಗಿ ಎರಡು ದಿನ ರಜೆ ಸಿಕ್ಕರೆ ಸಾಕು, ನಮ್ಮ ಕಡೆ ಹುಡುಗ ಹುಡುಗಿಯರು ಶಿವಮೊಗ್ಗ, ಸಾಗರ, ಹೊನ್ನಾವರ ದಾಟಿ ಮುರುಡೇಶ್ವರಕ್ಕೆ ಓಡ್ತಾರೆ. ಈಗಂತೂ ಸ್ಕೂಬಾ ಡೈವಿಂಗ್ ಬೇರೆ. ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಹತ್ತಿರ ಮುಳುಗೋದು, ಮೀನಿನ ಜೊತೆ ವಿಡಿಯೋ, ಸ್ಟೇಟಸ್, ವಾಪಸ್.

ನೀರಿನ ಮೇಲಿರೋ ಆ ಬಂಡೆಗುಡ್ಡವನ್ನ ನೋಡಿದವರು ಕಮ್ಮಿ. ಅಲ್ಲಿ ಜನವಸತಿ ಇಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದುಗಳಿವೆ. ರೆಕ್ಕೆ ಬಿಚ್ಚಿದರೆ ಸುಮಾರು ಎರಡು ಮೀಟರ್. ಮೀನು, ಕಡಲ ಹಾವು ಊಟ. ಎತ್ತರದ ಮರದಲ್ಲಿ ಕಡ್ಡಿ ಜೋಡಿಸಿ ಕಟ್ಟಿದ ಗೂಡನ್ನೇ ವರ್ಷ ವರ್ಷ ರಿಪೇರಿ ಮಾಡಿಕೊಂಡು ಬಳಸ್ತವೆ. ಸಾಮಾನ್ಯವಾಗಿ ಇಡೋದು ಎರಡೇ ಮೊಟ್ಟೆ. ಮಳೆಗಾಲ ಮುಗಿದ ಮೇಲೆ ಅವುಗಳ ಸಂಸಾರ ಶುರು. ನಮ್ಮ ಡೈವಿಂಗ್ ಸೀಸನ್ನೂ ಆಗಲೇ! ಇನ್ನು ಗುಹೆಗಳಲ್ಲಿ ಸ್ವಿಫ್ಟ್‌ಲೆಟ್ ಅನ್ನೋ ಪುಟ್ಟ ಹಕ್ಕಿ ತನ್ನ ಜೊಲ್ಲಿನಿಂದಲೇ ಗೂಡು ಕಟ್ಟುತ್ತೆ. ಚೀನಾ ಕಡೆ ಸೂಪ್‌ಗೆ ಅಂಥ ಗೂಡಿಗೆ ಭಾರಿ ಬೆಲೆ, ಹಾಗಾಗಿ ಕಳ್ಳರ ಕಣ್ಣೂ ಅದರ ಮೇಲೆ.

ಇಂಥ ದ್ವೀಪವನ್ನ ನೌಕಾಪಡೆ ಗುಂಡು ಹಾರಿಸೋ ಅಭ್ಯಾಸಕ್ಕೆ ಗುರಿಯಾಗಿ ಬಳಸ್ತಿತ್ತು. ಪರಿಸರ ಪ್ರೇಮಿಗಳು ವಿರೋಧಿಸಿದರು. ದೇಶಕ್ಕೆ ಅಭ್ಯಾಸ ಬೇಕು, ಒಪ್ಪೋಣ. ಆದರೆ ಮೊಟ್ಟೆ ಇಟ್ಟಿರೋ ಗುಡ್ಡವೇ ಆಗಬೇಕಿತ್ತಾ?

ಇದೇ ಕರಾವಳಿಯಲ್ಲಿ ಉತ್ತರಕ್ಕೆ ಹೋದರೆ, ಕಾರವಾರದ ಎದುರಿಗೆ ಇನ್ನೊಂದು ಬಂಡೆದ್ವೀಪ, ದೇವಗಡ. ಅದಕ್ಕೆ 1864ರಲ್ಲೇ ದೀಪಸ್ತಂಭದ ಭಾಗ್ಯ. ಆಗ ಅಮೆರಿಕದಲ್ಲಿ ಅಂತರ್ಯುದ್ಧ, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರ್ತಿರಲಿಲ್ಲ. ಧಾರವಾಡ ಕಡೆಯ ಹತ್ತಿಯನ್ನ ಕಾರವಾರದಿಂದ ಹಡಗಿಗೆ ಹಾಕೋ ಆಸೆ ಬ್ರಿಟಿಷರಿಗೆ. ಹಡಗು ಬಂಡೆಗೆ ಬಡಿದರೆ ಲಾಸು ನೋಡಿ! ಹತ್ತಿ ರೇಟು ಏರಿದಾಗ ಏನೆಲ್ಲ ಆಗುತ್ತೆ ಅಂತ ನಮ್ಮ ಎರೆಹೊಲದವರಿಗೆ ಹೇಳಿಕೊಡಬೇಕಿಲ್ಲ. ವ್ಯಾಪಾರ ಇದ್ದಲ್ಲಿ ದೀಪ ಬಂತು. ಬರೀ ಹಕ್ಕಿ ಇದ್ದಲ್ಲಿ ಗುಂಡು.

ಈ ಸಲ ಟ್ರಿಪ್ ಇದ್ದರೆ "ಅಣ್ಣಾ, ಐದೇ ನಿಮಿಷ ಹತ್ತಿಸಿ, ಒಂದು ಸೆಲ್ಫಿ" ಅಂತ ಬೋಟಿನವರ ದುಂಬಾಲು ಬೀಳಬೇಡಿ. ಡ್ರೋನ್ ಬ್ಯಾಗಲ್ಲೇ ಇರಲಿ. ಯಾರ ಹತ್ರಾನಾದ್ರೂ ಬೈನಾಕ್ಯುಲರ್ ಇದ್ದರೆ ಇಸ್ಕೊಂಡು ಹೋಗಿ. ನಿಮ್ಮ ಡೈವಿಂಗ್ ಸರದಿ ಬರೋವರೆಗೆ ಬೋಟಲ್ಲಿ ಕೂತೇ ಮರಗಳ ತುದಿ ಹುಡುಕಬಹುದು.